ಹಳೇ ಬೆಂಜ್ ಇಟ್ಟುಕೊಂಡವರು ಮಳೆ ಹಿಡಿಯುವ ಮುಂಚೆ ಬಾನೆಟ್ ಎತ್ತಿ ಎಲೆ ನೋಡಿ

ಒಂದು ಹಿಡಿ ಸಿಲ್ವರ್ ಓಕ್ ತರಗೆಲೆ. ಅದಕ್ಕೆ ನಾನು ತೆತ್ತಿದ್ದು 71,000 ರೂಪಾಯಿ. ಸುಮ್ನೆ ಹೇಳುತ್ತಿಲ್ಲ, ಬಿಲ್ಲುಗಳನ್ನು ಎದುರಿಗೆ ಇಟ್ಟುಕೊಂಡು ಕೂಡಿಸಿದ ಲೆಕ್ಕ. ಕೊಡಗಿನಲ್ಲಿ, ಅದರಲ್ಲೂ ತೋಟದೊಳಗೆ ಮನೆ ಇರುವವರು ಹಳೇ ಜರ್ಮನ್ ಕಾರು ಇಟ್ಟುಕೊಂಡಿದ್ದರೆ ಅಥವಾ ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. ಮೇ ತಿಂಗಳಲ್ಲೇ ಓದಿದರೆ ಇನ್ನೂ ಒಳ್ಳೆಯದು.

ನನ್ನದು 2006ರ ಸಿ 220 ಸಿಡಿಐ. ಡಬ್ಲ್ಯು203 ಅಂತಾರಲ್ಲ, ಕಡ್ಲೆಕಾಯಿ ಆಕಾರದ ಹೆಡ್‌ಲೈಟಿನದು, ಅದೇ. 2021ರಲ್ಲಿ ಬೆಂಗಳೂರಿನಲ್ಲಿ 2,60,000ಕ್ಕೆ ಸಿಕ್ಕಿತು. ಹೊಸ ಆಲ್ಟೋಗಿಂತ ಕಡಿಮೆ ದುಡ್ಡಿಗೆ ಬೆಂಜ್ ಅಂದರೆ ಯಾರಿಗೆ ತಲೆ ತಿರುಗಲ್ಲ ಹೇಳಿ. 15 ವರ್ಷ ತುಂಬಿದ ಗಾಡಿ, ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ಆ ಓಡಾಟ ಬೇರೆ ಕತೆ, ಇಲ್ಲಿ ಬೇಡ.

ಮೊದಲ ಮೂರು ವರ್ಷ ನನ್ನಷ್ಟು ದೊಡ್ಡ ಮೆಕ್ಯಾನಿಕ್ ಸುಂಟಿಕೊಪ್ಪದ ಸುತ್ತ ಯಾರೂ ಇರಲಿಲ್ಲ ಅಂತ ನನಗೆ ನಾನೇ ಅಂದುಕೊಂಡಿದ್ದೆ. ಕಾಫಿ ಕಣದ ಸಿಮೆಂಟ್ ನೆಲವೇ ನನ್ನ ಗ್ಯಾರೇಜು. ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಚುಸ್ ಚುಸ್ ಅಂತ ಸದ್ದು ಬರುತ್ತಿತ್ತು. ಮೇಲಿನ ಕವರ್ ತೆಗೆದರೆ ಮೂರನೇ ಇಂಜೆಕ್ಟರ್ ಸುತ್ತ ಡಾಂಬರು ಸುರಿದ ಹಾಗೆ ಕಪ್ಪು ಗಟ್ಟಿ. ಈ ಡೀಸೆಲ್ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋತರೆ ಹೀಗೇ ಆಗುತ್ತದೆ. ಎರಡು ದಿನ ಕೂತು ಕೆರೆದು, ಕೂರುವ ಜಾಗ ಹೊಳೆಯುವ ಹಾಗೆ ಮಾಡಿ, ಹೊಸ ವಾಷರ್, ಹೊಸ ಬೋಲ್ಟ್ ಹಾಕಿದೆ. ಬಿಚ್ಚಿದ ಹಳೇ ಬೋಲ್ಟನ್ನು ಮತ್ತೆ ಹಾಕಬಾರದು, ಅದು ಒಮ್ಮೆ ಎಳೆದುಕೊಳ್ಳುವ ಜಾತಿಯದು.

ಗೇರ್‌ಬಾಕ್ಸ್ ಕೆಲಸವೂ ನಾನೇ ಮಾಡಿದೆ. ಅದಕ್ಕೆ ಹೋಗುವ ವೈರಿನ ಪ್ಲಗ್ಗಿನ ಓ ರಿಂಗ್, ಅಂದರೆ ರಬ್ಬರ್ ಬಳೆ, ಹಳತಾದರೆ ಎಣ್ಣೆ ಬತ್ತಿಗೆ ಏರಿದ ಹಾಗೆ ವೈರಿನೊಳಗೇ ಏರಿ ಗೇರ್‌ಬಾಕ್ಸಿನ ಕಂಪ್ಯೂಟರ್ ತನಕ ಹೋಗುತ್ತದೆ. ಸಣ್ಣ ಸಾಮಾನು, ದೊಡ್ಡ ನಷ್ಟ. ಅದನ್ನು ಬದಲಿಸಿ, ಎಣ್ಣೆ, ಫಿಲ್ಟರ್ ಹಾಕಿ, ಎಣ್ಣೆ 80 ಡಿಗ್ರಿ ಬಿಸಿಯಾದ ಮೇಲೆ ಮಟ್ಟ ನೋಡಿದೆ. ಇದರಲ್ಲಿ ಅಳೆಯುವ ಕಡ್ಡಿಯನ್ನು ಕಾರಿನ ಜೊತೆ ಕೊಡುವುದಿಲ್ಲ. ಕೊಳವೆ ಮಾತ್ರ ಇರುತ್ತದೆ, ಬಾಯಿಗೆ ಬಿರಡೆ ಹಾಕಿರುತ್ತಾರೆ. ಕಡ್ಡಿಯನ್ನು ಬೇರೆಯಾಗಿ ತರಿಸಿದೆ. ಅಷ್ಟು ಶ್ರದ್ಧೆ ನನಗೆ!

ಇಷ್ಟೆಲ್ಲ ನೋಡಿದವನು ನೋಡದೇ ಬಿಟ್ಟಿದ್ದು ಒಂದೇ ಜಾಗ. ಮುಂದಿನ ಗ್ಲಾಸಿನ ಬುಡದಲ್ಲಿ, ವೈಪರ್ ಕೆಳಗೆ, ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಅದರ ಕೆಳಗೊಂದು ಉದ್ದದ ತೊಟ್ಟಿ, ನಮ್ಮ ಹೆಂಚಿನ ಮನೆಗಳ ಸೂರಿನ ದೋಣಿ ಇದ್ದ ಹಾಗೆ. ಗ್ಲಾಸಿನ ಮೇಲೆ ಬಿದ್ದ ಮಳೆಯೆಲ್ಲ ಅದಕ್ಕೆ ಇಳಿದು, ಎರಡೂ ಮೂಲೆಯ ರಬ್ಬರ್ ಕೊಳವೆಗಳ ಮೂಲಕ ನೆಲಕ್ಕೆ ಹೋಗಬೇಕು. ಆ ರಬ್ಬರಿನ ತುದಿ ಎರಡು ತುಟಿ ಮುಚ್ಚಿಕೊಂಡ ಹಾಗೆ ಇರುತ್ತದೆ. ಬರೀ ನೀರಾದರೆ ತುಟಿ ಬಿಚ್ಚಿಕೊಂಡು ಹೋಗುತ್ತದೆ. ಎಲೆ ಕೊಳೆತ ಗಸಿಯಾದರೆ ಅಲ್ಲೇ ನಿಲ್ಲುತ್ತದೆ. ಕಾರಿನೊಳಗೆ ಗಾಳಿ ಎಳೆದುಕೊಳ್ಳುವ ಬಾಯಿ ಇರುವುದೂ ಅದೇ ತೊಟ್ಟಿಯಲ್ಲಿ. ದೋಣಿ ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಲೆಸೀಮೆಯವರಿಗೆ ಬಿಡಿಸಿ ಹೇಳಬೇಕಾ?

ಇದು ಈ ಬೆಂಜ್ ಒಂದರದ್ದೇ ಸಮಾಚಾರ ಅಲ್ಲ. 2000ದ ಆಸುಪಾಸಿನ ಆಡಿ ಎ4, ಫೋಕ್ಸ್‌ವ್ಯಾಗನ್ ಪಸಾಟ್‌ಗಳಲ್ಲಿ ಬ್ಯಾಟರಿ ಕೂರುವುದೇ ಇಂಥ ತೊಟ್ಟಿಯಲ್ಲಿ. ನೀರು ಹೋಗುವ ತೂತು ಬ್ಯಾಟರಿಯ ಕೆಳಗೆ. ಬ್ಯಾಟರಿ ಎತ್ತದೆ ಅದು ಕಣ್ಣಿಗೇ ಬೀಳಲ್ಲ. ಅಲ್ಲಿ ಕಟ್ಟಿಕೊಂಡರೆ ನೀರು ಒಳಗೆ ಬಂದು ಕಾರ್ಪೆಟ್ ಕೆಳಗಿರುವ ಕಂಪ್ಯೂಟರ್ ಪೆಟ್ಟಿಗೆ ಮುಳುಗುತ್ತದೆ. ಗಾಡಿ ಮಾಡಿದವರ ತಲೆಯಲ್ಲಿ ವರ್ಷಕ್ಕೊಮ್ಮೆ ಎಲೆ ಉದುರುವ ದೇಶ ಇದ್ದಿರಬೇಕು, ಮಳೆಗೆ ಮುಂಚೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ನಮ್ಮ ಮರಗಸಿ, ನಮ್ಮ ಜುಲೈ ಅಲ್ಲ.

2024ರ ಮೇನಲ್ಲಿ ಗಾಳಿಗೆ ನಮ್ಮ ಶೆಡ್ಡಿನ ಶೀಟು ಹಾರಿತು. ಕಾರನ್ನು ಸಿಲ್ವರ್ ಓಕ್ ಸಾಲಿನ ಕೆಳಗೆ ನಿಲ್ಲಿಸಿದೆ. ಮಾರನೇ ವಾರವೇ ಮರಗಸಿ. ಮೇಲೆ ಕೊಂಬೆ ಕಡಿಯುತ್ತಿದ್ದಾರೆ, ಕೆಳಗೆ ಕಾರಿಗೆ ಟಾರ್ಪಾಲ್ ಹೊದೆಸಿ ನಾನು ಆರಾಮಾಗಿ ಕಾಫಿ ಕುಡಿಯುತ್ತಿದ್ದೇನೆ. ಆ ಎಲೆ ನೀವು ನೋಡಿರುತ್ತೀರಿ, ಜರೀಗಿಡದ ಹಾಗೆ ಸೀಳು ಸೀಳು, ಒಣಗಿದರೆ ಬಾಚಣಿಗೆ ಹಲ್ಲಿನ ಹಾಗೆ ಮುರಿದು ಎಂಥ ಸಂದಿಗೂ ಇಳಿಯುತ್ತದೆ. ಟಾರ್ಪಾಲ್ ತೆಗೆದಾಗ ಮೇಲಿದ್ದ ಎಲೆಯೆಲ್ಲ ಜಾರಿ ಹೋಗಿದ್ದು ಗ್ಲಾಸಿನ ಬುಡಕ್ಕೇ.

ಜೂನ್ ಕೊನೆಯಲ್ಲಿ ಕಾರಿನೊಳಗೆ ಒದ್ದೆ ಗೋಣಿಚೀಲದ ವಾಸನೆ ಶುರುವಾಯಿತು. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹಾಕಿದ್ದೆನಲ್ಲ, ಅದರದ್ದೇ ಅಂದುಕೊಂಡೆ. ಗ್ಲಾಸಿಗೆ ಒಳಗಿನಿಂದ ಮಂಜು ಹಿಡಿಯುತ್ತಿತ್ತು. ಮಡಿಕೇರಿ ಕಡೆ ಜುಲೈಯಲ್ಲಿ ಯಾವ ಗ್ಲಾಸಿಗೆ ಮಂಜು ಹಿಡಿಯಲ್ಲ? ಹೀಗೆ ಎರಡು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೊಂದು ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮುಂದಿನ ಸೀಟಿನ ಕೆಳಗಿಂದ ಗುಳಗುಳ ಸದ್ದು ಬಂತು. ಹೆಂಡತಿ ಕಾಲು ಮೇಲೆತ್ತಿಕೊಂಡು, "ರೀ, ಇದರಲ್ಲಿ ಏಡಿ ಸಾಕ್ತಿದ್ದೀರಾ?" ಅಂದಳು. ಕಾರ್ಪೆಟ್ ಒತ್ತಿದರೆ ಬೆರಳಿನ ಗೆಣ್ಣು ಮುಳುಗುವಷ್ಟು ನೀರು.

ಆವತ್ತು ಅಲ್ಲಿಗೇ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟಿದ್ದರೆ ಬಹುಶಃ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ಮಾಡಿದ್ದು ಬಟ್ಟೆಯಲ್ಲಿ ನೀರು ಹಿಂಡಿ, ಹೀಟರ್ ಜೋರಾಗಿ ಹಾಕಿ ಕುಶಾಲನಗರಕ್ಕೆ ಹೋಗಿ ಬಂದಿದ್ದು. ಒಣಗಲಿ ಅಂತ! ಆ ರಾತ್ರಿ ನಮ್ಮ ಮಳೆ ಅಳೆಯುವ ಡಬ್ಬಿಯಲ್ಲಿ 4 ಇಂಚು 20 ಸೆಂಟ್ ಬಿತ್ತು (ಇಂಚಿನ ನೂರನೇ ಒಂದು ಭಾಗಕ್ಕೆ ನಾವು ಸೆಂಟ್ ಅನ್ನುತ್ತೇವೆ). ಬೆಳಗ್ಗೆ ನೋಡಿದರೆ ಕೀ ನನ್ನ ಜೇಬಿನಲ್ಲಿದೆ, ಕಾರಿನ ವೈಪರ್ ತಾನಾಗಿ ಓಡುತ್ತಿದೆ. ಬಲಗಡೆ ಇಂಡಿಕೇಟರ್ ಮಿನುಗುತ್ತಿದೆ. ಅರ್ಧ ಗಂಟೆಯಲ್ಲಿ ಬ್ಯಾಟರಿ ಸತ್ತು ಎರಡೂ ನಿಂತವು. ನಾನು ಜೀಪಿನಿಂದ ಜಂಪ್ ಕೊಟ್ಟೆ. ಫ್ಯೂಸ್ ಡಬ್ಬಿಯ ಕಡೆಯಿಂದ ಚಿಟ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಆಮೇಲೆ ಪೂರ್ತಿ ಮೌನ.

ಬಾನೆಟ್ ಒಳಗಿನ ಫ್ಯೂಸುಗಳಿರುವ ಪೆಟ್ಟಿಗೆಯಲ್ಲೇ ಒಂದು ಕಂಪ್ಯೂಟರ್ ಇದೆ, ಸ್ಯಾಮ್ ಅಂತ ಹೆಸರು. ಲೈಟು, ವೈಪರ್, ಹಾರ್ನ್ ಎಲ್ಲಕ್ಕೂ ಅದೇ ಮೇಸ್ತ್ರಿ. ತೊಟ್ಟಿ ತುಂಬಿದ ನೀರು ಒಂದು ಕಡೆ ಒಳಗೆ ಗಾಳಿ ಊದುವ ಬ್ಲೋವರ್ ಮೂಲಕ ಕಾರ್ಪೆಟ್ಟಿಗೆ ಇಳಿದಿದೆ, ಇನ್ನೊಂದು ಕಡೆ ಇದರ ಮೇಲೆ ತೊಟ್ಟಿಕ್ಕಿದೆ.

ಇಲ್ಲಿ ನನ್ನ ಇನ್ನೊಂದು ಘನಕಾರ್ಯ ಹೇಳಲೇಬೇಕು. ಮಂಜಿಗೆ ಬೇಕು ಅಂತ ಹಿಂದಿನ ವರ್ಷ ಎರಡು ಹಳದಿ ಫಾಗ್ ಲ್ಯಾಂಪ್ ಹಾಕಿದ್ದೆ. ಬ್ಯಾಟರಿಯಿಂದ ಬೇರೆ ವೈರ್ ಎಳೆದು, ನಡುವೆ ಫ್ಯೂಸ್, ರಿಲೇ ಕೊಟ್ಟು ಹಾಕಬೇಕಾದದ್ದು. ನಾನು ಸೋಮಾರಿತನಕ್ಕೆ ಸ್ಯಾಮ್‌ನಿಂದ ಹೆಡ್‌ಲೈಟಿಗೆ ಹೋಗುವ ವೈರಿನ ಸಿಪ್ಪೆ ಸುಲಿದು ಅದಕ್ಕೇ ಸುತ್ತಿ ಟೇಪ್ ಹಾಕಿದ್ದೆ. ಟೇಪಿನೊಳಗೆ ನೀರು ಹೊಕ್ಕು ತಾಮ್ರ ಹಸಿರುಗಟ್ಟಿತ್ತು. ಕುಶಾಲನಗರದಿಂದ ಬಂದ ಹುಡುಗ ಅದನ್ನು ನೋಡಿ, "ಅಣ್ಣ, ಇದನ್ನು ಯಾರ ಹತ್ರ ಮಾಡಿಸಿದ್ರಿ? ಅವರ ಹತ್ರ ಇನ್ಮೇಲೆ ಹೋಗ್ಬೇಡಿ" ಅಂದ. ನಾನು ಸುಮ್ಮನೆ ತಲೆ ಆಡಿಸಿದೆ.

ಹೊಸ ಸ್ಯಾಮ್ ಬೆಲೆ ಕೇಳಿ ಎದೆ ಧಸಕ್ಕೆಂದಿತು. ಆಗ ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೇದು ಇದೆ ಅಂತ ಗೊತ್ತಾಯಿತು. ಅಂಗಡಿಯ ಹೆಸರು ಬೇಡ. ಫೋನಿನಲ್ಲಿ, "ಸಾರ್, ಪಕ್ಕಾ ವರ್ಕಿಂಗ್ ಕಂಡೀಷನ್, ಹಾಕಿದ್ರೆ ಗಾಡಿ ಸ್ಟಾರ್ಟ್" ಅಂದರು. 14,000 ಕಳಿಸಿದೆ. ಬಂದ ಪೆಟ್ಟಿಗೆ ಹೊರಗಿನಿಂದ ಫಳಫಳ. ಪಾರ್ಟ್ ನಂಬರಿನ ಕೊನೇ ಎರಡು ಅಂಕಿ ಮಾತ್ರ ನನ್ನದಕ್ಕೆ ತಾಳೆಯಾಗಲಿಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಬಿಳಿ ಪುಡಿ, ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ. ನನ್ನದು ಎರಡು ವಾರ ನೆನೆದದ್ದು, ಅದು ಪೂರ್ತಿ ಮುಳುಗೆದ್ದು ಬಂದದ್ದು! ವಾಪಸ್ ತಗೊಳ್ಳಿ ಅಂದರೆ, "ನೀವೇ ನೀರು ಹಾಕಿದ್ದೀರಿ" ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಹಳೇ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೊಳ್ಳುವ ಮುಂಚೆ ಪಾರ್ಟ್ ನಂಬರಿನ ಎಲ್ಲ ಅಂಕಿಗಳೂ ಕಾಣುವ ಫೋಟೋ ಕೇಳಿ. ಮುಚ್ಚಳ ತೆಗೆದು ಒಳಗಿನ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಸರಿಯಾದದ್ದು ಸಿಕ್ಕರೂ ತಂದು ಚುಚ್ಚಿದರೆ ಮುಗಿಯಲ್ಲ, ನಿಮ್ಮ ಗಾಡಿಗೆ ತಕ್ಕ ಹಾಗೆ ಕೋಡಿಂಗ್ ಮಾಡಿಸಬೇಕು. ಅದಕ್ಕೆ ಆ ಕಂಪನಿಯ ಗಾಡಿಗೇ ಆಗುವ ಡಯಾಗ್ನಾಸ್ಟಿಕ್ ಮಷಿನ್ ಇರುವವರೇ ಬೇಕು. 1,500 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಇಂಜಿನ್ ಕೋಡ್ ಓದುತ್ತದೆ ಅಷ್ಟೇ, ಇಲ್ಲಿ ಅದರದ್ದೇನೂ ನಡೆಯಲ್ಲ.

ಕೊನೆಗೆ ಮೈಸೂರಿಗೇ ಒಯ್ದೆ. ಜೀಪಿಗೆ ಹಗ್ಗ ಕಟ್ಟಿ ಎಳೆಯೋಣ ಅಂತ ತೋಟದ ಹುಡುಗರು ಸಿದ್ಧವಾಗಿದ್ದರು. ನಾನು ಬೇಡ ಅಂದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಪಂಪ್ ಇಂಜಿನ್ ಓಡಿದರೆ ಮಾತ್ರ ಕೆಲಸ ಮಾಡುತ್ತದೆ. ಸುಮ್ಮನೆ ಹಿಂದಿನ ಚಕ್ರ ಉರುಳಿಸಿಕೊಂಡು ಅಷ್ಟು ದೂರ ಎಳೆದರೆ ಗೇರ್‌ಬಾಕ್ಸೂ ಹೋಗುತ್ತಿತ್ತು. ಲಾರಿ ಮೇಲೆ ಹತ್ತಿಸಿ ಒಯ್ಯಲು 7,500. ಅಲ್ಲಿ ಸರಿಯಾದ ಸ್ಯಾಮ್, ಕೋಡಿಂಗ್, ವೈರಿಂಗ್ ಸೇರಿ 32,000. ಬ್ಲೋವರ್ ಕೆಲಸ 9,000. ಬ್ಯಾಟರಿ 8,500. ಗುಜರಿಯ 14,000 ಸೇರಿಸಿಕೊಳ್ಳಿ.

ಕಾರ್ಪೆಟ್ ಮಾತ್ರ ಮನೆಯಲ್ಲೇ ಒಣಗಿಸಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಮೇಲಿನ ಬಟ್ಟೆ ಮುಟ್ಟಿ ನೋಡಿ ಒಣಗಿತು ಅಂತ ಬಿಡಬೇಡಿ. ಕೆಳಗೆ ದಪ್ಪ ಸ್ಪಂಜು ಇರುತ್ತದೆ, ನೀರು ಕುಡಿದು ತಿಂಗಳುಗಟ್ಟಲೆ ಕೂರುತ್ತದೆ. ವೈರಿನ ಜಾಯಿಂಟ್‌ಗಳೆಲ್ಲ ಹೋಗುವುದು ಅದರ ಸಹವಾಸದಲ್ಲೇ. ಸೀಟು ಬಿಚ್ಚಿ, ಕಾರ್ಪೆಟ್ ಪೂರ್ತಿ ಹೊರಗೆ ತೆಗೆಯಬೇಕು. ಸೀಟಿನ ಕೆಳಗಿನ ಪ್ಲಗ್ ತೆಗೆಯುವ ಮುಂಚೆ ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಡಿ, ಏರ್‌ಬ್ಯಾಗಿನ ವೈರೂ ಅಲ್ಲೇ ಇರುತ್ತದೆ. ನಾನು ತೆಗೆದು ತೂಗಿದರೆ ಇಬ್ಬರು ಎತ್ತುವ ಭಾರ. ಜುಲೈಯಲ್ಲಿ ಬಿಸಿಲು ಎಲ್ಲಿಂದ ತರಲಿ? ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಗಳಕ್ಕೇ ನೇತು ಹಾಕಿದೆ. ಹನ್ನೊಂದು ದಿನ ಬೇಕಾಯಿತು. ಒಣಗಿತೇನೋ ನಿಜ. ಆದರೆ ಈಗಲೂ ಹೀಟರ್ ಹಾಕಿದರೆ ಹೊಗೆ ವಾಸನೆ. ಮೊನ್ನೆ ಹತ್ತಿದ ಭಾವ, "ಇದರಲ್ಲಿ ಹಂದಿ ಮಾಂಸ ಹೊಗೆಗೆ ಕಟ್ಟಿದ್ರಾ?" ಅಂತ ಕೇಳಿದರು.

ಹಳೇ ಗಾಡಿ ನೋಡಲು ಹೋಗುವವರಿಗೆ ಒಂದು ಮಾತು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಎಷ್ಟೋ ಕಾರು ನೀರಲ್ಲಿ ನಿಂತವು. ಅಂಥ ಗಾಡಿ ತೊಳೆದು ಪಾಲಿಶ್ ಮಾಡಿದರೆ ಗೊತ್ತಾಗಲ್ಲ. ಸೀಟ್ ಬೆಲ್ಟನ್ನು ಕೊನೇ ತನಕ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಹಳಿಗೆ ತುಕ್ಕು ಹಿಡಿದಿದೆಯಾ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಆ ಗುಂಡಿಗೆ ಕೈ ಹಾಕಿ. ಕಾರ್ಪೆಟ್ಟನ್ನು ಬೆರಳಲ್ಲಿ ಅಲ್ಲ, ಮುಷ್ಟಿಯಲ್ಲಿ ಒತ್ತಿ. ಕಾರಿನೊಳಗೆ ಸುಗಂಧದ ಡಬ್ಬಿ ಮೂರು ಇದ್ದರೆ ಸ್ವಲ್ಪ ಅನುಮಾನ ಇರಲಿ.

ಇನ್ನು ಎಲೆಯ ವಿಷಯ. ಹತ್ತು ನಿಮಿಷದ ಕೆಲಸ ಇದು. ಬಾನೆಟ್ ಎತ್ತಿ, ಗ್ಲಾಸಿನ ಬುಡದ ಜಾಲರಿ ತೆಗೆಯಿರಿ. ಹಳೇ ಪ್ಲಾಸ್ಟಿಕ್, ಅವಸರ ಮಾಡಿದರೆ ಮುರಿಯುತ್ತದೆ. ಕೈಯಿಂದ ಎಲೆ ತೆಗೆದು, ಮೂಲೆಯ ರಬ್ಬರ್ ಕೊಳವೆಯನ್ನು ಕೆಳಗಿನಿಂದ ಹಿಂಡಿ. ಕಂಬಿ ತುರುಕಿ ಚುಚ್ಚಬೇಡಿ, ರಬ್ಬರ್ ಕಿತ್ತು ಬರುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನೂ ಅಲ್ಲಿಗೆ ಬಿಡಿಸಬೇಡಿ, ಪಕ್ಕದಲ್ಲೇ ಫ್ಯೂಸ್ ಪೆಟ್ಟಿಗೆ ಇದೆ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಸಣ್ಣ ತೂತುಗಳನ್ನೂ ನೋಡಿ, ಅದೂ ಇದೇ ಜಾತಿ. ನಾನು ಮೇ ಮೊದಲ ವಾರ ಒಮ್ಮೆ, ಮರಗಸಿ ಮುಗಿದ ಮೇಲೆ ಒಮ್ಮೆ, ಆಮೇಲೆ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ.

ಇವತ್ತು ಬೆಳಗ್ಗೆಯೂ ನೋಡಿದೆ. ಗ್ಲಾಸಿನ ಬುಡಕ್ಕೆ ಒಂದು ಚೊಂಬು ನೀರು ಹೊಯ್ದೆ, ಮಗಳು ಕೆಳಗೆ ಬಗ್ಗಿ ಕೂತು ಎಣಿಸಿದಳು. ಎಡಗಡೆ ಎರಡು ಎಣಿಸುವಷ್ಟರಲ್ಲಿ ನೆಲಕ್ಕೆ ಬಿತ್ತು. ಬಲಗಡೆ ಒಂಬತ್ತು ಆಯಿತು. ಮತ್ತೆ ಜಾಲರಿ ಬಿಚ್ಚಬೇಕು.