ವೆಜ್ ಅಂತ ಹೇಳಿ ಅಮ್ಮನಿಗೆ ಸೀಗಡಿ ಪೇಸ್ಟ್ ತಿನ್ನಿಸಿದರು. ಥಾಯ್ ಊಟಕ್ಕೆ ಹೋಗುವವರು ದಯವಿಟ್ಟು ಓದಿ

ಮೊನ್ನೆ ಶನಿವಾರ ನಡೆದದ್ದು. ಇವತ್ತು ಬುಧವಾರ, ಇನ್ನೂ ಸಿಟ್ಟು ಇಳಿದಿಲ್ಲ. ಬರೆಯೋಕೆ ನಾಚಿಕೆಯೂ ಆಗುತ್ತಿದೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಆದರೂ ಬರೆಯುತ್ತಿದ್ದೇನೆ. ಮನೆಯಲ್ಲಿ ಸಸ್ಯಾಹಾರಿ ಹಿರಿಯರು ಇದ್ದು, ಅವರನ್ನು ಥಾಯ್, ಜಪಾನಿ, ಕೊರಿಯನ್ ಊಟ ಅಂತ ಕರೆದುಕೊಂಡು ಹೋಗುವವರು ನೀವಾಗಿದ್ದರೆ ಪೂರ್ತಿ ಓದಿ.

ಅಮ್ಮನಿಗೆ 65 ತುಂಬಿತು. ತಿಪಟೂರಿನಿಂದ ಬಂದಿದ್ದರು. ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುವವರಲ್ಲ ಅಮ್ಮ. ನನ್ನ ಮಗಳು ಆರನೇ ಕ್ಲಾಸು. ‘ಅಜ್ಜಿ ಯಾವಾಗಲೂ ಮಸಾಲೆ ದೋಸೆನೇ ತಿಂತಾರೆ, ಈ ಸಲ ಬೇರೆ ಏನಾದ್ರೂ ತಿನ್ಸೋಣ’ ಅಂತ ಹಟ ಹಿಡಿದಳು. ಸರಿ, ಥಾಯ್ ತಿನ್ನೋಣ ಅಂತಾಯ್ತು. ತೆಂಗಿನ ಹಾಲು, ತುಳಸಿ ಥರದ ಸೊಪ್ಪು, ಅನ್ನ. ಅಮ್ಮನಿಗೆ ಒಗ್ಗುತ್ತೆ ಅಂದುಕೊಂಡೆ.

ಜಾಗ ಹುಡುಕಿದ್ದು ನಾನೇ. ಇಂದಿರಾನಗರದ ಕಡೆ, ಗಾಜಿನ ಬಾಗಿಲು, ಎಸಿ, ಮ್ಯಾಪ್‌ನಲ್ಲಿ 4.7 ಸ್ಟಾರ್. ಅಷ್ಟು ಜನ ಒಳ್ಳೆಯದು ಅಂದಿದ್ದಾರಲ್ಲ ಅಂತ ನಂಬಿದೆ. ನಮ್ಮ ಮನೆಯಲ್ಲಿ ರಸ್ತೆ ಬದಿಯ ಗೋಬಿ ಮಂಚೂರಿ ನಿಲ್ಲಿಸಿಯೇ ಎಷ್ಟೋ ದಿನ ಆಯ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹಾಕಿತಲ್ಲ, ಆಗ ಪರೀಕ್ಷೆ ಮಾಡಿದ 171 ಗೋಬಿ ಸ್ಯಾಂಪಲ್‌ನಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಆವತ್ತಿಂದ ಗಾಡಿ ಕಡೆ ಹೋಗಿಲ್ಲ. ದೊಡ್ಡ ಜಾಗಕ್ಕೆ ಹೋದರೆ ಈ ತಲೆನೋವು ಇರಲ್ಲ ಅಂತ ನನ್ನ ಲೆಕ್ಕ. ಆ ಲೆಕ್ಕವೇ ತಪ್ಪು.

ಕೂತ ಕೂಡಲೇ ನಾನು ಕೇಳಿದ ಮೊದಲ ಪ್ರಶ್ನೆ ಇದೇ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಅವರು ‘ನೀವು ಕೇಳಲಿಲ್ಲ’ ಅಂದರು. ಕೇಳಿದ್ದೆ.

‘ಗ್ರೀನ್ ಕರಿ ವೆಜ್ ಇದೆಯಾ?’

‘ಇದೆ ಮೇಡಂ, ಮೆನುವಲ್ಲಿ ಹಸಿರು ಚುಕ್ಕೆ ನೋಡಿ’ ಅಂದರು ಕ್ಯಾಪ್ಟನ್, ಅಂದರೆ ಆರ್ಡರ್ ತಗೊಳ್ಳೋ ಹಿರಿಯ ವೇಟರ್.

‘ಪೂರ್ತಿ ವೆಜ್ ತಾನೇ? ಅಮ್ಮ ಮೊಟ್ಟೆನೂ ತಿನ್ನಲ್ಲ.’

‘ಹಂಡ್ರೆಡ್ ಪರ್ಸೆಂಟ್ ಮೇಡಂ. ನಾನೂ ನಮ್ಮ ಕಡೆಯವನೇ, ಹಾಸನ. ಅಮ್ಮನ್ನ ನಾನು ನೋಡ್ಕೋತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ.’

ಕನ್ನಡದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದರು, ನಾವು ಖುಷಿಪಟ್ಟು ಅವರು ಹೇಳಿದ್ದನ್ನೆಲ್ಲ ಆರ್ಡರ್ ಮಾಡಿದೆವು. ಎರಡು ಸೂಪ್, ಡಂಪ್ಲಿಂಗ್, ಪಪಾಯ ಸಲಾಡ್, ಪಾಡ್ ಥಾಯ್ ಅನ್ನೋ ನೂಡಲ್ಸ್, ಗ್ರೀನ್ ಕರಿ, ಅನ್ನ. ಎಲ್ಲವೂ ವೆಜ್. ನನ್ನ ಗಂಡ ಹೊರಗೆ ಚಿಕನ್ ತಿನ್ನುತ್ತಾರೆ, ಅಮ್ಮ ಎದುರಿಗಿದ್ದಾರೆ ಅಂತ ಆವತ್ತು ಅವರೂ ತಿನ್ನಲಿಲ್ಲ.

ಅಮ್ಮ ಗ್ರೀನ್ ಕರಿ ಕಲಸಿ ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ರುಚಿಯೇನೋ ಚೆನ್ನಾಗಿದೆ ಕಣೇ, ಆದ್ರೆ ಏನೋ ಒಂಥರಾ ವಾಸನೆ’ ಅಂದರು. ನಾನು ಏನಂದೆ ಗೊತ್ತಾ? ‘ಅದು ಲೆಮನ್‌ಗ್ರಾಸ್ ಅಮ್ಮ, ಹಾಗೇ ಇರುತ್ತೆ, ತಿನ್ನು.’ ಇನ್ನೊಂದು ಸೌಟು ನಾನೇ ಬಡಿಸಿದೆ. ನನ್ನ ಕೈಯಾರೆ ಬಡಿಸಿದೆ. ನಾಲ್ಕು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಊಟ ಮುಗಿಯೋ ಹೊತ್ತಿಗೆ ಒಬ್ಬ ಹುಡುಗ ಕ್ಯೂಆರ್ ಕಾರ್ಡ್ ಹಿಡಿದುಕೊಂಡು ಬಂದ. ಫೈವ್ ಸ್ಟಾರ್ ಕೊಟ್ಟು, ಫೋಟೋ ಹಾಕಿ, ಎರಡು ಸಾಲು ಬರೆದರೆ ಮ್ಯಾಂಗೋ ಸ್ಟಿಕಿ ರೈಸ್ ಫ್ರೀ ಅಂದ. ಮಗಳು ಕುಣಿದಳು. ಕೊಟ್ಟೆ. ಅಮ್ಮ ನಗುತ್ತಿರೋ ಫೋಟೋ ಹಾಕಿದೆ. ‘ಸೂಪರ್ ವೆಜ್ ಥಾಯ್ ಊಟ, ಸಸ್ಯಾಹಾರಿ ಹಿರಿಯರನ್ನು ಧೈರ್ಯವಾಗಿ ಕರೆದುಕೊಂಡು ಬನ್ನಿ’ ಅಂತ ಬರೆದೆ. ಹೌದು, ನಾನೇ ಬರೆದೆ. ನಾನು ನೋಡಿ ನಂಬಿದ ಆ 4.7 ಹೇಗೆ ಬಂದಿರಬಹುದು ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಆಮೇಲೆ ಮಗಳು ಕೈ ತೊಳೆಯೋಕೆ ಹೋದಳು. ಅಲ್ಲಿ ಅಡುಗೆಮನೆ ಗಾಜಿನ ಆಚೆ ಕಾಣುತ್ತೆ. ವಾಪಸ್ ಬಂದು ಮೆಲ್ಲಗೆ ಕೇಳಿದಳು, ‘ಅಮ್ಮಾ, ಶ್ರಿಂಪ್ ಅಂದ್ರೆ ಸೀಗಡಿ ಅಲ್ವಾ?’

ಎದ್ದು ಹೋದೆ. ಒಲೆ ಪಕ್ಕದ ಕಟ್ಟೆ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ. ಮುಚ್ಚಳ ತೆಗೆದಿತ್ತು, ಒಳಗೆ ಸ್ಟೀಲ್ ಚಮಚ, ಅಂಚಿಗೆಲ್ಲ ಹಸಿರು ಪೇಸ್ಟ್ ಮೆತ್ತಿ ಒಣಗಿತ್ತು. ಪಕ್ಕಕ್ಕೆ ಬಿಳಿ ಸ್ಟಿಕರ್. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಲೆಮನ್‌ಗ್ರಾಸ್ ಅಂತ ಪಟ್ಟಿ ಇದೆ, ನಡುವೆ ಶ್ರಿಂಪ್ ಪೇಸ್ಟ್. ಮೂಲೆಯಲ್ಲಿ ಮಾಂಸಾಹಾರ ಅಂತ ತೋರಿಸೋ ಆ ಕಂದು ತ್ರಿಕೋನ. ಅಷ್ಟು ಸ್ಪಷ್ಟವಾಗಿ ಅಲ್ಲೇ ಇದೆ. ಅಡುಗೆಯವರನ್ನ ಕೇಳಿದೆ, ವೆಜ್‌ಗೂ ಇದೇನಾ? ಆತ ಏನೂ ಮುಚ್ಚಿಡಲಿಲ್ಲ ಪಾಪ. ಪೇಸ್ಟ್ ಒಂದೇ, ವೆಜ್ ಅಂದರೆ ಚಿಕನ್ ಬದಲು ತರಕಾರಿ ಹಾಕುತ್ತೇವೆ ಅಂದರು.

ಕ್ಯಾಪ್ಟನ್ ಓಡಿ ಬಂದರು. ಅವರ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

‘ಮೇಡಂ, ಅದು ಪೇಸ್ಟ್ ಅಷ್ಟೇ. ಪೀಸ್ ಬರಲ್ಲ.’

ಪೀಸ್ ಬರಲ್ಲವಂತೆ! ಅರೆದು ಹಾಕಿದರೆ ಸೀಗಡಿ ಸೊಪ್ಪಾಗುತ್ತಾ?

‘ಥಾಯ್ ಅಂದ್ರೆ ಹಾಗೇ ಮೇಡಂ, ಅದಿಲ್ದೆ ಟೇಸ್ಟ್ ಬರಲ್ಲ.’ ಹಾಗಾದರೆ ಹಸಿರು ಚುಕ್ಕೆ ಯಾಕೆ ಹಾಕಿದ್ದೀರಿ ಅಂದೆ. ಅದು ಪ್ರಿಂಟಿಂಗ್‌ನವರು ಹಾಕಿದ್ದು ಅಂದರು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ‘ಇಷ್ಟು ದಿನ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ. ಅಲರ್ಜಿ ಇದೆ ಅಂತ ನೀವು ಹೇಳಲಿಲ್ಲ.’ ಗೊತ್ತಿದ್ದರೆ ತಾನೇ ಕಂಪ್ಲೇಂಟ್ ಮಾಡೋದು? ಸೀಗಡಿ ಅಲರ್ಜಿ ಇರೋರು ವೆಜ್ ಅಂತ ನಂಬಿ ತಿಂದಿದ್ದರೆ ಗತಿ ಏನು? ಅದಕ್ಕೆ ಉತ್ತರ ಇಲ್ಲ. ಬದಲಿಗೆ ಅಮ್ಮನ ಕಡೆ ತಿರುಗಿ, ‘ಅಮ್ಮ ಚೆನ್ನಾಗಿದೆ ಅಂತಾನೇ ತಿಂದ್ರಲ್ಲ’ ಅಂದುಬಿಟ್ಟರು. 65 ವರ್ಷದ ಹೆಂಗಸಿನ ಮುಖ ನೋಡಿ ಆ ಮಾತು ಹೇಳಿದರು. ಅಮ್ಮ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ‘ಹೋಗ್ಲಿ ಬಿಡೇ, ಜನ ನೋಡ್ತಿದ್ದಾರೆ, ಮನೆಗೆ ಹೋಗೋಣ’ ಅಂದರು.

ಆಮೇಲೆ ಬಿಲ್ಲು. 4,718 ರೂಪಾಯಿ. ಊಟ, ನೀರು ಎಲ್ಲ ಸೇರಿ 4,085, ಅದರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, ಆ ಸರ್ವಿಸ್ ಚಾರ್ಜ್ ಮೇಲೂ ಸೇರಿಸಿ 5 ಪರ್ಸೆಂಟ್ ಜಿಎಸ್‌ಟಿ. ಸರ್ವಿಸ್ ಚಾರ್ಜ್ ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ನನ್ನ ಗಂಡ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದ ಮೇಲೆ ತೆಗೆದರು, 4,289 ಆಯ್ತು. ಗ್ರೀನ್ ಕರಿ ದುಡ್ಡು ಮಾತ್ರ ಬಿಡಲಿಲ್ಲ. ‘ತಿಂದಿದ್ದೀರಲ್ಲ ಮೇಡಂ, ತಿಂದಿದ್ದಕ್ಕೆ ಹೇಗೆ ವಾಪಸ್ ಕೊಡೋದು?’ ಜಗಳ ಆಡೋಕೆ ಶಕ್ತಿ ಇರಲಿಲ್ಲ, ಕೊಟ್ಟು ಬಂದೆವು.

ಮನೆಗೆ ಬಂದು ಅಮ್ಮ ಆ ರಾತ್ರಿಯಲ್ಲೇ ತಲೆಗೆ ಸ್ನಾನ ಮಾಡಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ಥಾಯ್ ಕರಿ ಪೇಸ್ಟ್‌ಗೆ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಹಾಕೋದು ಅವರ ಮಾಮೂಲಿ ಪದ್ಧತಿ, ಅದಕ್ಕೆ ಕಪಿ ಅಂತಾರೆ. ಪಪಾಯ ಸಲಾಡ್, ಪಾಡ್ ಥಾಯ್ ಎರಡಕ್ಕೂ ಸಾಮಾನ್ಯವಾಗಿ ಮೀನಿನ ಸಾಸ್ ಬೀಳುತ್ತೆ, ನೀರಿನ ಥರ ಇರೋ ಆ ಸಾಸ್‌ನ ಹೆಸರು ನಾಮ್ ಪ್ಲಾ. ಅಂದರೆ ನಾವು ತಿಂದಿದ್ದರಲ್ಲಿ ಇನ್ನೇನೇನಿತ್ತೋ! ಜಪಾನಿನ ಮಿಸೋ ಸೂಪ್ ತರಕಾರಿಯದ್ದೇ ಆದರೂ ಅದರ ನೀರು ಸಾಮಾನ್ಯವಾಗಿ ಒಣಗಿಸಿದ ಮೀನಿನ ಹೆರೆ ಹಾಕಿ ಕುದಿಸಿದ್ದು. ಕೊರಿಯಾದ ಕಿಮ್ಚಿ ನೋಡೋಕೆ ಎಲೆಕೋಸಿನ ಉಪ್ಪಿನಕಾಯಿ, ಆದರೆ ಅದರಲ್ಲೂ ಮೀನಿನ ಸಾಸ್ ಇಲ್ಲವೇ ಉಪ್ಪು ಹಾಕಿಟ್ಟ ಸೀಗಡಿ ಇರೋದೇ ಜಾಸ್ತಿ. ಅದು ಅವರ ಊಟ, ಅವರು ತಿನ್ನೋ ರೀತಿ. ಅದರ ಮೇಲೆ ನನಗೆ ಏನೂ ಸಿಟ್ಟಿಲ್ಲ. ಗೊತ್ತಿದ್ದೂ ಹಸಿರು ಚುಕ್ಕೆ ಹಾಕಿ ಮಾರುತ್ತಾರಲ್ಲ, ಸಿಟ್ಟು ಅದಕ್ಕೆ.

ಯಾಕೆಂದರೆ ಎಲ್ಲರೂ ಹೀಗೆ ಮಾಡಲ್ಲ. ಎರಡು ವರ್ಷದ ಹಿಂದೆ ಬೈಲಕುಪ್ಪೆಗೆ ಹೋಗಿದ್ದಾಗ ಒಂದು ಚಿಕ್ಕ ಟಿಬೆಟನ್ ಹೋಟೆಲಲ್ಲಿ ವೆಜ್ ತುಕ್ಪಾ, ಅಂದರೆ ನೂಡಲ್ಸ್ ಸೂಪ್, ಕೇಳಿದೆವು. ಅಲ್ಲಿನ ಅಕ್ಕ ತಾವಾಗಿಯೇ, ಕನ್ನಡದಲ್ಲೇ, ‘ಇವತ್ತು ಸಾರು ಮೂಳೆದು, ನಿಮಗೆ ಬೇಡ, ತಿಂಗ್ಮೋ ತಗೊಳ್ಳಿ’ ಅಂದರು. ತಿಂಗ್ಮೋ ಅಂದರೆ ಹಬೆಯಲ್ಲಿ ಬೇಯಿಸಿದ ಬನ್. ನಾವು ಕೇಳೋ ಮೊದಲೇ ಹೇಳಿದರು. ನೂರೈವತ್ತು ರೂಪಾಯಿ ಬಿಲ್ಲಿಗೆ ಅಷ್ಟು ಪ್ರಾಮಾಣಿಕತೆ. ಇಲ್ಲಿ ನಾಲ್ಕು ಸಾವಿರ ಕೊಟ್ಟು ಎರಡು ಸಲ ಕೇಳಿದರೂ ಸುಳ್ಳು.

ರಾತ್ರಿಯೇ ನನ್ನ ರಿವ್ಯೂ ಬದಲಾಯಿಸಿ ಒಂದು ಸ್ಟಾರ್ ಕೊಟ್ಟು, ಫೋಟೋ ಅಳಿಸಿ, ನಡೆದದ್ದು ಬರೆದೆ. ಬೆಳಗ್ಗೆ ಅವರ ಉತ್ತರ: ‘ಈ ಅತಿಥಿ ಊಟ ಮಾಡಿ ಸಂತೋಷದಿಂದ ಐದು ಸ್ಟಾರ್ ಕೊಟ್ಟಿದ್ದರು. ಡಿಸ್ಕೌಂಟ್ ಸಿಗದ ಕಾರಣ ಬದಲಾಯಿಸಿದ್ದಾರೆ.’ ಓದಿ ಕೈ ನಡುಗಿತು. ನಾನು ಕೊಟ್ಟ ಐದು ಸ್ಟಾರನ್ನೇ ನನ್ನ ಮೇಲೆ ತಿರುಗಿಸಿದರು.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ‘ವೆಜ್ ಇದೆಯಾ’ ಅಂತ ಕೇಳಬೇಡಿ, ಹೂಂ ಅಂತಲೇ ಹೇಳುತ್ತಾರೆ. ‘ಕರಿ ಪೇಸ್ಟಲ್ಲಿ ಸೀಗಡಿ ಇದೆಯಾ, ಮೀನಿನ ಸಾಸ್ ಬದಲು ಏನು ಹಾಕ್ತೀರಿ, ಸೂಪ್‌ನ ನೀರು ಯಾವುದರದು’ ಅಂತ ಕೇಳಿ. ಆಯಿಸ್ಟರ್ ಸಾಸ್ ಅಂದರೆ ಸಿಂಪಿಯಿಂದ ಮಾಡಿದ್ದು, ಆ ಹೆಸರು ಕೇಳಿದರೆ ಅಣಬೆಯದ್ದಾ ಅಂತ ಕೇಳಿ, ಅಣಬೆಯಿಂದ ಮಾಡಿದ್ದೂ ಸಿಗುತ್ತೆ. ಸೀಗಡಿ ಇಲ್ಲದ ಪೇಸ್ಟೂ ಮಾರ್ಕೆಟಲ್ಲಿ ಇದೆ, ಹಾಗಾಗಿ ‘ಅದಿಲ್ದೆ ಆಗಲ್ಲ’ ಅಂದರೆ ನಂಬಬೇಡಿ. ಡಬ್ಬ ತೋರಿಸಿ ಅನ್ನಿ. ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಸ್ಟಾರ್ ನೋಡಿ ಹೋಗಬೇಡಿ, ಒಂದು, ಎರಡು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಅದನ್ನು ಓದಿ. ಆ ಜಾಗಕ್ಕೆ ಮೂರು ತಿಂಗಳ ಹಿಂದೆಯೇ ಒಬ್ಬರು ಇದೇ ಪೇಸ್ಟ್ ಬಗ್ಗೆ ಬರೆದಿದ್ದರು. ನಾನು ಅಷ್ಟು ಕೆಳಗೆ ಹೋಗಿ ನೋಡಲೇ ಇಲ್ಲ. ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತೆ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್ ನಂಬರ್, 14 ಅಂಕಿ. ಬಿಲ್ಲು ಬಿಸಾಡಬೇಡಿ. ನಾನು ಆ ನಂಬರ್ ಹಾಕಿ ಅದೇ ಪ್ರಾಧಿಕಾರದ ಆ್ಯಪ್ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಕೊಟ್ಟಿದ್ದೇನೆ, ಡಬ್ಬದ ಫೋಟೋ ಸಮೇತ.

ಇನ್ನೊಂದು. ಇವತ್ತು ಬೆಳಗ್ಗೆ ಮಗಳು ತೋರಿಸಿದಳು. ನಾನು ಆವತ್ತು ಹಾಕಿದ್ದ ಅಮ್ಮನ ಫೋಟೋವನ್ನು ಅವರು ತಮ್ಮ ಇನ್‌ಸ್ಟಾಗ್ರಾಮ್ ಪೇಜಿಗೆ ಹಾಕಿಕೊಂಡಿದ್ದಾರೆ, ಕೆಳಗೆ ನಾನು ಬರೆದ ಅದೇ ಸಾಲು. ಗ್ರೀನ್ ಕರಿ ತಟ್ಟೆ ಮುಂದೆ ಅಮ್ಮ ನಗುತ್ತಿದ್ದಾರೆ. ತೆಗೆಯಿರಿ ಅಂತ ಮೂರು ಮೆಸೇಜ್ ಕಳಿಸಿದ್ದೇನೆ. ಮೂರನ್ನೂ ನೋಡಿದ್ದಾರೆ. ಫೋಟೋ ಇನ್ನೂ ಅಲ್ಲೇ ಇದೆ.