ಪಿಕಪ್ ಡಬ್ಬಿ ಹಾಕಿಸಿ ಎಂಟು ತಿಂಗಳಾಯಿತು

ಮೊದಲೇ ಹೇಳಿಬಿಡುತ್ತೇನೆ. 14 ಸಾವಿರ ಕೊಟ್ಟು ನನ್ನ ಎಲೆಕ್ಟ್ರಿಕ್ ಕಾರಿಗೆ ಹಾಕಿಸಿದ ಡಬ್ಬಿಯಿಂದ ಪವರ್ ಒಂದು ಕೂದಲಷ್ಟೂ ಜಾಸ್ತಿ ಆಗಿಲ್ಲ. ಇದು ಗೊತ್ತಾಗಲು ನನಗೆ ಮೂರು ತಿಂಗಳು, ವೇಗ ಅಳೆಯುವ ಇನ್ನೊಂದು ಡಬ್ಬಿ ಮತ್ತು ಒಂದು ದಾಲ್ ಮಿಲ್ಲಿನ ಕಾಟಾ ಬೇಕಾಯಿತು.

ಯಾವ ಡಬ್ಬಿ ಅಂತ ನಿಮಗೆ ಗೊತ್ತೇ ಇರುತ್ತದೆ. ಎಕ್ಸಿಲರೇಟರ್ ಪೆಡಲ್ಲಿನ ವೈರು ಬಿಚ್ಚಿ ನಡುವೆ ಸಿಕ್ಕಿಸುವ ಪೆಡಲ್ ಬಾಕ್ಸ್. ಕಲಬುರಗಿಯಲ್ಲೇ ಒಂದು ಅಂಗಡಿಯಲ್ಲಿ ಹಾಕಿಸಿದೆ. ಹತ್ತು ನಿಮಿಷದ ಕೆಲಸ. "ಸರ್, ಇದು ಹಾಕಿದ್ ಮ್ಯಾಲ ಗಾಡಿ ಹಾರ್ತದ ನೋಡ್ರಿ" ಅಂದ ಅಂಗಡಿಯ ಹುಡುಗ. ಬರೀ ಬಾಯಿಮಾತಲ್ಲ, ಲೆಕ್ಕವನ್ನೂ ತೋರಿಸಿದ. ಡಬ್ಬಿ ಹಾಕುವ ಮುಂಚೆ ತನ್ನ ಜಿಪಿಎಸ್ ಮೀಟರ್ ಇಟ್ಟು ರಿಂಗ್ ರೋಡಿನಲ್ಲಿ ಒಂದು ಸಲ ಓಡಿಸಿದ. ಸೊನ್ನೆಯಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ 4.4 ಸೆಕೆಂಡು. ಡಬ್ಬಿ ಹಾಕಿ ಮತ್ತೆ ಓಡಿಸಿದ. 4.0! ಕಣ್ಣಾರೆ ಕಂಡ ಮೇಲೆ ಇನ್ನೇನು, ಅಲ್ಲೇ ನಿಂತು ಫೋನ್‌ಪೇ ಮಾಡಿದೆ.

ಮೊದಲ ಒಂದು ತಿಂಗಳು ನನ್ನ ಖುಷಿ ಕೇಳಬೇಡಿ. ಬೆಳಿಗ್ಗೆ ಅಪ್ಪನ ಕೆರೆ ಸುತ್ತ ವಾಕಿಂಗ್ ಮುಗಿಸಿ, ಸುಸಲಾ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೊರಟರೆ, ದಾರಿಯಲ್ಲಿ ಡಬ್ಬಿಯ ಸೆಟ್ಟಿಂಗ್ ಪ್ಲಸ್ ನಾಲ್ಕಕ್ಕೆ (ಪ್ಲಸ್ ಅಂದರೆ ಪೆಡಲ್ ಚುರುಕು, ಮೈನಸ್ ಅಂದರೆ ಮೆಲ್ಲಗೆ). ಪೆಡಲ್ಲಿಗೆ ಕಾಲು ಸೋಕಿದರೆ ಸಾಕು, ಕಾರು ಚಂಗನೆ ಜಿಗಿಯುತ್ತಿತ್ತು. ಜಗತ್ ಸರ್ಕಲ್ ಸಿಗ್ನಲ್ಲಿನಲ್ಲಿ ಬುಲೆಟ್ ಹುಡುಗರು ಹಿಂದೆ ಉಳಿಯುತ್ತಿದ್ದರು. ಒಂದು ದಿನ ಸುಸಲಾ ಪೊಟ್ಟಣ ಸೀಟಿನಿಂದ ಉರುಳಿ ಮ್ಯಾಟಿನ ತುಂಬ ಚುರಮುರಿ. ಅದನ್ನು ಗುಡಿಸಿದವಳು ನನ್ನ ಹೆಂಡತಿ. ಆಕೆ ಏನು ಅಂದಳು ಅಂತ ಇಲ್ಲಿ ಬರೆಯುವುದಿಲ್ಲ.

ಖುಷಿ ಜಾಸ್ತಿಯಾಗಿ ನಾನೂ ಒಂದು ಜಿಪಿಎಸ್ ಮೀಟರ್ ತರಿಸಿಕೊಂಡೆ. ನಿಜ ಹೇಳಬೇಕೆಂದರೆ ಈ ವಿಮರ್ಶೆ ಬರೆಯಲು ಕಾರಣ ಅದೇ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ವೇಗ ಹೇಳುತ್ತದೆ. ಈ ಮೀಟರ್ ಹತ್ತು ಸಲ ಹೇಳುತ್ತದೆ. ಅರ್ಧ ಸೆಕೆಂಡಿನ ಜಗಳ ಬಿಡಿಸಬೇಕಾದರೆ ಇದು ಬೇಕೇ ಬೇಕು.

ಮೊದಲ ದಿನವೇ ಆ್ಯಪಿನ ಸೆಟ್ಟಿಂಗ್ ತೆರೆದು ನೋಡುವಾಗ 'ರೋಲ್‌ಔಟ್' ಅಂತ ಒಂದು ಸ್ವಿಚ್ ಕಂಡಿತು. ಆನ್ ಮಾಡಿದರೆ ಮೊದಲ ಒಂದು ಅಡಿ ಲೆಕ್ಕಕ್ಕಿಲ್ಲ. ಇದು ಅಮೆರಿಕದ ಡ್ರ್ಯಾಗ್ ರೇಸಿನಿಂದ ಬಂದ ಪದ್ಧತಿ. ಅಲ್ಲಿ ಬೆಳಕಿನ ಗೆರೆಗೆ ಅಡ್ಡ ನಿಂತ ಚಕ್ರ ಸುಮಾರು ಒಂದು ಅಡಿ ಮುಂದೆ ಹೋಗಿ ಗೆರೆ ಬಿಟ್ಟ ಮೇಲೆ ಗಡಿಯಾರ ಶುರು. ಟೆಸ್ಲಾ ಕೂಡ ತನ್ನ ಕೆಲವು ಮಾಡೆಲ್‌ಗಳಿಗೆ ಹೀಗೇ ಲೆಕ್ಕ ಕೊಡುತ್ತದೆ. ಒಂದು ಅಡಿ ಅಂದರೆ ಏನು ಮಹಾ ಅನಿಸುತ್ತದೆ ಅಲ್ವಾ? ಆದರೆ ಆ ಒಂದು ಅಡಿಯಲ್ಲಿ ನನ್ನ ಕಾರು ಗಂಟೆಗೆ 5 ಕಿ.ಮೀ. ವೇಗ ಹಿಡಿದಿರುತ್ತದೆ. ಅಷ್ಟಕ್ಕೆ ತಗಲುವ ಸಮಯ ಸುಮಾರು 0.4 ಸೆಕೆಂಡು.

0.4. ನೆನಪಾಯಿತಾ? 4.4ರಲ್ಲಿ 4.0 ಕಳೆಯಿರಿ.

ಅಂಗಡಿಯವನು ಅವತ್ತು ನನಗೆ ಎರಡು ಸ್ಕ್ರೀನ್‌ಶಾಟ್ ಕಳಿಸಿದ್ದ. ವಾಟ್ಸಾಪಿನಲ್ಲಿ ಹುಡುಕಿ ತೆಗೆದೆ. ಎರಡನೆಯದರ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ರೋಲ್‌ಔಟ್ ಆನ್ ಅಂತ ಇದೆ. ಮೊದಲನೆಯದರಲ್ಲಿ ಇಲ್ಲ. ಬೇಕಂತಲೇ ಮಾಡಿದನೋ, ಕೈ ತಪ್ಪಿ ಒತ್ತಿದನೋ, ದೇವರಿಗೇ ಗೊತ್ತು. ಹೋಗಿ ಕೇಳಿದೆ. "ಫೀಲ್ ಬರ್ತದೋ ಇಲ್ಲೋ, ಅದು ಹೇಳ್ರಿ ಸರ್" ಅಂದ. ಬರುತ್ತದೆ, ಅದು ಖರೆ. ದುಡ್ಡು ವಾಪಸ್ ಮಾತ್ರ ಬರಲಿಲ್ಲ.

ಅಲ್ಲಿಂದ ನನಗೆ ಹಟ ಹಿಡಿಯಿತು. ಸರಿಯಾಗಿ ಅಳೆದೇ ಬಿಡೋಣ ಅಂತ.

ಪವರ್ ಅಳೆಯಲು ಡೈನೊ ಯಂತ್ರ ಹುಡುಕಿಕೊಂಡು ಹೈದರಾಬಾದಿಗೆ ಹೋಗಬೇಕಿಲ್ಲ. ಕಾರಿನ ತೂಕ ಗೊತ್ತಿರಬೇಕು, 60ರಿಂದ 100ಕ್ಕೆ ಏರಲು ಎಷ್ಟು ಸೆಕೆಂಡು ಅಂತ ಗೊತ್ತಿರಬೇಕು, ಅಷ್ಟೇ. ತೂಕಕ್ಕೆ ಪರಿಚಯದವರ ದಾಲ್ ಮಿಲ್ಲಿಗೆ ಹೋದೆ. ತೊಗರಿ ಸುಗ್ಗಿ, ಮಿಲ್ಲಿನ ಮುಂದೆ ಲಾರಿಗಳ ಸಾಲು. ಚೀಲ ಹೇರಿದ ಎರಡು ಲಾರಿಗಳ ನಡುವೆ ನನ್ನ ಬಿಳಿ ಕಾರು ಕಾಟಾ ಏರಿದಾಗ ಹಮಾಲರೆಲ್ಲ ಕೆಲಸ ಬಿಟ್ಟು ನೋಡಿದರು. "ಏನ್ರಿ ಸಾಹುಕಾರ್ರ, ತೂಕದ ಲೆಕ್ಕದಾಗ ಮಾರ್ತೀರೇನು?" ಅಂದ ಕಾಟಾದವನು. ನನ್ನನ್ನೂ ಸೇರಿಸಿ 1,610 ಕಿಲೋ. ಚೀಟಿಯಲ್ಲಿ 'ಮಾಲು' ಅನ್ನೋ ಜಾಗದಲ್ಲಿ 'ತೊಗರಿ' ಅಂತಲೇ ಪ್ರಿಂಟ್ ಆಗಿತ್ತು. ಆ ಚೀಟಿ ಈಗಲೂ ಕಾರಿನ ಡ್ರಾಯರಿನಲ್ಲಿದೆ.

ಇನ್ನು ಲೆಕ್ಕ. ಪಿಯುಸಿಯಲ್ಲಿ ಓದಿದ ಅರ್ಧ ಎಂ ವಿ ಸ್ಕ್ವೇರ್, ಬೇರೇನೂ ಅಲ್ಲ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್, 60 ಅಂದರೆ 16.7. ಎರಡರ ವರ್ಗದ ವ್ಯತ್ಯಾಸದಲ್ಲಿ ಅರ್ಧ ತೆಗೆದುಕೊಂಡು 1,610ರಿಂದ ಗುಣಿಸಿದರೆ ಹತ್ತಿರ ಹತ್ತಿರ 4 ಲಕ್ಷ ಜೂಲ್. ಅದನ್ನು ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್. ಗಾಳಿ ಮತ್ತು ಟೈರು ತಿನ್ನುವ ಪವರ್ ಇದರಲ್ಲಿ ಬರುವುದಿಲ್ಲ, ಹಾಗಾಗಿ ಕಂಪನಿ ಹೇಳಿದ್ದಕ್ಕಿಂತ ಕಮ್ಮಿಯೇ ಸಿಗುತ್ತದೆ. ಪರವಾಗಿಲ್ಲ. ನಮಗೆ ಬೇಕಿರುವುದು ಡಬ್ಬಿ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅನ್ನೋದು.

ಭಾನುವಾರ ಬೆಳಿಗ್ಗೆ ಆರು ಗಂಟೆ. ಪೋರ್ಚಿನ ಶಹಾಬಾದ್ ಫರ್ಸಿ ಇನ್ನೂ ತಣ್ಣಗಿರುತ್ತದೆ. ಚಾರ್ಜರ್ ಕಿತ್ತು, ಬರಿಗಾಲಲ್ಲೇ ನಾಲ್ಕೂ ಟೈರಿನ ಗಾಳಿ ನೋಡುತ್ತೇನೆ, 33ಕ್ಕೆ ತರುತ್ತೇನೆ. ಬ್ಯಾಟರಿ 85 ಪರ್ಸೆಂಟ್. ಎಸಿ ಬಂದ್. ಊರ ಹೊರಗೆ ಒಂದು ಹೊಸ ಲೇಔಟ್ ಇದೆ. ಪ್ಲಾಟಿನ ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ನಡುವೆ 600 ಮೀಟರಿನ ನೇರ ರಸ್ತೆ. ಮಾಲೀಕರನ್ನು ಕೇಳಿಯೇ ಹೋಗುತ್ತೇನೆ. ಹೈವೇಯಲ್ಲಿ ಇದನ್ನೆಲ್ಲ ಮಾಡಬೇಡಿ, ಎಮ್ಮೆಗೆ ನಿಮ್ಮ ಮೀಟರ್ ಗೊತ್ತಿರುವುದಿಲ್ಲ. ಮೊದಲು ಒಂದು ಸಲ ಮೆಲ್ಲಗೆ ಹೋಗಿ ನಾಯಿ, ಕಲ್ಲು ನೋಡಿಕೊಂಡು ಬರುತ್ತೇನೆ. ಮೀಟರ್ ಡ್ಯಾಶ್‌ಬೋರ್ಡಿನ ಮೇಲಿಟ್ಟು ಉಪಗ್ರಹ ಸಿಗುವ ತನಕ ಕಾಯುವುದು. ಆ ಎರಡು ನಿಮಿಷ ನನಗೆ ಇಡೀ ವಾರದಲ್ಲೇ ಇಷ್ಟದ ಸಮಯ. ಅಷ್ಟರಲ್ಲಿ ವಾಚ್‌ಮನ್ ಕಾಕಾ ಬರುತ್ತಾರೆ. "ಇವತ್ತರ ಓಡ್ತದೇನ್ರಿ ನಿಮ್ ಗಾಡಿ?" ಅಂತ ಕೇಳುತ್ತಾರೆ. ಕಾರು ಯಾವಾಗಲೂ ಓಡೇ ಓಡುತ್ತದೆ, ಆದರೆ ಅವರ ಪ್ರಕಾರ ನಾನು ರಿಪೇರಿಗೆ ಬಂದವನು.

ಈ ಕಡೆಯಿಂದ ಐದು, ಆ ಕಡೆಯಿಂದ ಐದು. ಎರಡೂ ಕಡೆ ಯಾಕೆ ಅಂದರೆ ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ರಸ್ತೆ ಅಲೆ ಅಲೆ. ಕಣ್ಣಿಗೆ ಸಪಾಟು ಕಂಡರೂ ಮೀಟರ್ ಅರ್ಧ ಪರ್ಸೆಂಟ್ ಇಳಿಜಾರು ತೋರಿಸಿತು. ಅಷ್ಟಕ್ಕೇ ಎರಡು ದಿಕ್ಕಿನ ಸಮಯದಲ್ಲಿ ವ್ಯತ್ಯಾಸ ಬರುತ್ತದೆ.

ಡಬ್ಬಿ ಇಲ್ಲದೆ ಹತ್ತು ಓಟದ ಸರಾಸರಿ, 60ರಿಂದ 100ಕ್ಕೆ 4.72 ಸೆಕೆಂಡು. ಡಬ್ಬಿ ಪ್ಲಸ್ ಐದರಲ್ಲಿ 4.70. ಎರಡೂ ಲೆಕ್ಕಕ್ಕೆ 84 ಕಿಲೋವ್ಯಾಟ್ ಚಿಲ್ಲರೆ. ಒಂದೇ ದಿನದ ಓಟಗಳ ನಡುವೆಯೇ ಇದಕ್ಕಿಂತ ಜಾಸ್ತಿ ಏರುಪೇರು ಇತ್ತು.

ಕಾರಣ ಸರಳ. ಪೆಡಲ್ ಅನ್ನೋದು ಕಾರಿಗೆ ಒಂದು ಚೀಟಿ ಕಳಿಸುತ್ತದೆ, 'ಇಷ್ಟು ಪರ್ಸೆಂಟ್ ಕೊಡು' ಅಂತ. ಡಬ್ಬಿ ನಡುವೆ ಕೂತು 30 ಇದ್ದದ್ದನ್ನು 60 ಅಂತ ತಿದ್ದುತ್ತದೆ. ಅದಕ್ಕೇ ಆ ಜಿಗಿತ. ಆದರೆ ಪೂರ್ತಿ ತುಳಿದಾಗ 100ನ್ನು ಇನ್ನೇನು ಅಂತ ತಿದ್ದುತ್ತದೆ? ಮೋಟರಿಗೆ ಎಷ್ಟು ಕರೆಂಟ್ ಬಿಡಬೇಕು ಅನ್ನೋ ಮಿತಿ ಇರುವುದು ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ತಕ್ಕಂತೆ ಬದಲಿಸಿ ಕೊಡುವ ಭಾಗ) ಮತ್ತು ಬ್ಯಾಟರಿಯ ಸಾಫ್ಟ್‌ವೇರಿನಲ್ಲಿ. ಅದನ್ನು ಕಂಪನಿಯೇ ಏರಿಸಿದರೆ ಪವರ್ ನಿಜವಾಗಿ ಏರುತ್ತದೆ. ಟೆಸ್ಲಾ 2019ರಲ್ಲಿ ಮಾಡೆಲ್ 3 ಕಾರಿಗೆ 2,000 ಡಾಲರಿಗೆ ಹೀಗೇ ಒಂದು ಅಪ್‌ಡೇಟ್ ಮಾರಿತು. 0ಯಿಂದ 60 ಮೈಲಿಗೆ 4.4 ಸೆಕೆಂಡು ಇದ್ದದ್ದು 3.9 ಆಯಿತು. ಪೋಲ್‌ಸ್ಟಾರ್ 2 ಕಾರಿಗೂ 50 ಕಿಲೋವ್ಯಾಟ್ ಕೂಡಿಸುವ ಸಾಫ್ಟ್‌ವೇರ್ ಬಂತು. ನನ್ನ ಕಾರಿಗೆ ಅಂಥದ್ದಿಲ್ಲ, ಇದ್ದರೂ ನನ್ನ ಜೇಬಿಗೆ ಆಗುತ್ತಿರಲಿಲ್ಲ.

ಸಿಟ್ಟು ಇಳಿದದ್ದು ಯಾವಾಗ ಅಂದರೆ, ಡಬ್ಬಿ ಮರೆತು ಬೇರೆ ಬೇರೆ ಅಳೆಯಲು ಶುರು ಮಾಡಿದ ಮೇಲೆ. ಬ್ಯಾಟರಿ 20 ಪರ್ಸೆಂಟಿಗೆ ಬಂದಾಗ ಅದೇ ಓಟಕ್ಕೆ 5.1 ಸೆಕೆಂಡು. ಅಂದರೆ 78 ಕಿಲೋವ್ಯಾಟ್. ಭಾವ, ಅಕ್ಕ, ಅವರ ಮಗನನ್ನು ಕೂರಿಸಿಕೊಂಡರೆ 5.3. ಮೇ ತಿಂಗಳ ನಮ್ಮ 43 ಡಿಗ್ರಿ ಬಿಸಿಲಿನಲ್ಲಿ ಫಾಸ್ಟ್ ಚಾರ್ಜ್ ಮಾಡಿಸಿ ನೇರ ಹೋಗಿ ಓಡಿಸಿದರೆ 5.2. ಬ್ಯಾಟರಿ ಬಿಸಿಯಾದಾಗ ಕಾರು ತಾನೇ ಪವರ್ ಹಿಡಿದುಕೊಳ್ಳುತ್ತದೆ. ಎರಡು ವರ್ಷದಿಂದ ಓಡಿಸುತ್ತಿರುವ ಕಾರು, ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಪಿಕಪ್ ಬೇಕಿದ್ದರೆ ಡಿಕ್ಕಿಯಲ್ಲಿರುವ ಹಳೇ ಸಾಮಾನು ಇಳಿಸಿ, ಚಾರ್ಜ್ ಮೇಲಿಟ್ಟುಕೊಳ್ಳಿ. ಖರ್ಚು ಸೊನ್ನೆ.

ಇನ್ನೊಂದು ಮಾತು. ಸರ್ವಿಸಿಗೆ ಬಿಡುವಾಗ ಡಬ್ಬಿ ಕಿತ್ತು ಕೊಡಿ. ಪೆಡಲ್ ವೈರಿನ ನಡುವೆ ಹೊರಗಿನ ಸಾಮಾನು ಕಂಡರೆ ವಾರಂಟಿ ತಕರಾರು ಬರಬಹುದು ಅಂತ ಅವರೇ ಹೇಳಿದರು.

ಕಿತ್ತು ಎಸೆಯೋಣ ಅಂತಲೇ ಇದ್ದೆ. ತಡೆದದ್ದು ಹೆಂಡತಿ. ಆಕೆ ಹೊಸದಾಗಿ ಡ್ರೈವಿಂಗ್ ಕಲಿತವಳು. ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಆಟೋ, ತಳ್ಳುಗಾಡಿ ನಡುವೆ ಈ ಕಾರು ಎಳೆಯುವ ರೀತಿಗೇ ಹೆದರುತ್ತಿದ್ದಳು. ಒಂದು ದಿನ ಸುಮ್ನೆ ಮೈನಸ್ ಮೂರಕ್ಕೆ ಹಾಕಿ ಕೊಟ್ಟೆ. ಪೆಡಲ್ ಅರ್ಧ ಒತ್ತಿದರೂ ಎತ್ತಿನಗಾಡಿ ಹಾಗೆ ಮೆಲ್ಲಗೆ ಹೊರಟಿತು. ಹಂಪು ಬಂದಾಗ ಹಿಂದೆ ಕೂತ ಅತ್ತೆ ಮೊದಲ ಸಲ "ಅಯ್ಯ" ಅನ್ನಲಿಲ್ಲ. ಅವತ್ತಿನಿಂದ ಡಬ್ಬಿ ಆಕೆಯದು.

ಹೋದ ಭಾನುವಾರ ಲೇಔಟಿಗೆ ಹೋದೆ. ಹತ್ತು ಓಟ ಮುಗಿಸಿ, ಕಾಕಾ ಕೊಟ್ಟ ಚಹಾ ಕುಡಿಯುತ್ತ ನೋಡಿದರೆ ಸರಾಸರಿ 4.71. ಆಮೇಲೆ ಕಣ್ಣಿಗೆ ಬಿತ್ತು, ಡಬ್ಬಿ ಇಡೀ ಹೊತ್ತು ಮೈನಸ್ ಮೂರರಲ್ಲೇ ಇತ್ತು.