ಐರಿಶ್‌ಜೀನಿಯಾಲಜಿ ಡಾಟ್ ಐಇ: ಹಳ್ಳಿಗಾಡಿನ ಪೂರ್ವಜರನ್ನು ಹುಡುಕುವವರಿಗೆ

ರೇಟಿಂಗ್: 5ಕ್ಕೆ 4

ಐರ್ಲೆಂಡ್ ಸರ್ಕಾರದ ಈ ತಾಣವನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಜನನ, ಮದುವೆ, ಮರಣದ ಮೂಲ ರಿಜಿಸ್ಟರ್ ಪುಟಗಳೇ ಪುಕ್ಕಟೆಯಾಗಿ ಸಿಗುತ್ತವೆ. ಬೇರೆಡೆ ಚಂದಾ ಕಟ್ಟುವ ಮುಂಚೆ ಇಲ್ಲಿ ಹುಡುಕಿ. 19ನೇ ಶತಮಾನದ ಜನಗಣತಿ ಹಾಳೆಗಳು ಬಹುಪಾಲು ಉಳಿದಿಲ್ಲ; ಕೆಲವನ್ನು ಸರ್ಕಾರವೇ ನಾಶಮಾಡಿತು, ಮಿಕ್ಕವು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ (ಸರ್ಕಾರಿ ದಾಖಲೆ ಕಚೇರಿಯೂ ಇದ್ದ ನ್ಯಾಯಾಲಯ ಸಂಕೀರ್ಣ) ಬೆಂಕಿಯಲ್ಲಿ ಹೋದವು. ಹಾಗಾಗಿ ಬಡ ರೈತನ ಬದುಕಿಗೆ ಈ ರಿಜಿಸ್ಟರುಗಳೇ ಮುಖ್ಯ ಆಧಾರ.

ಹುಡುಕಾಟದ ಫಲಿತಾಂಶದಲ್ಲಿ ಹೆಸರು, ವರ್ಷ, ನೋಂದಣಿ ಜಿಲ್ಲೆ ಕಾಣುತ್ತವೆ, ಊರು ಕಾಣುವುದಿಲ್ಲ. ಕಾರ್ಕ್‌ನಲ್ಲಿ ಮೈಕೆಲ್ ಸಲಿವನ್ ಎಂದು ಹುಡುಕಿದರೆ ಸಾಲುಸಾಲು ಬರುತ್ತಾರೆ. ಯಾರು ನಿಮ್ಮವರು ಎಂದು ತೀರ್ಮಾನಿಸುವುದು ಟೌನ್‌ಲ್ಯಾಂಡ್, ಅಂದರೆ ಹಳ್ಳಿಗಿಂತಲೂ ಚಿಕ್ಕದಾದ ಭೂಘಟಕ. ಅದು ಪುಟದ ಚಿತ್ರ ತೆರೆದರೆ ಮಾತ್ರ ಸಿಗುತ್ತದೆ. ಜನನ, ಮರಣದ ಪುಟದಲ್ಲಿ ಸಾಮಾನ್ಯವಾಗಿ 10 ನಮೂದುಗಳಿರುತ್ತವೆ. ನಿಮ್ಮದನ್ನು ನೀವೇ ಗುರುತಿಸಬೇಕು.

ಮರಣದಿಂದ ಹಿಂದಕ್ಕೆ ಹೋಗಿ. ಮರಣ ದಾಖಲೆಯಲ್ಲಿ ತಂದೆತಾಯಿಯ ಹೆಸರಿಲ್ಲ, ಆದರೆ ಸಾವನ್ನು ತಿಳಿಸಿದವರ ಹೆಸರಿದೆ. ಅವರು ಹೆಚ್ಚಾಗಿ ಮಗ, ಮಗಳು ಅಥವಾ ನೆರೆಯವರು. ಆ ಎಳೆ ಬಿಡಬೇಡಿ. ಮದುವೆ ದಾಖಲೆಯಲ್ಲಿ ಇಬ್ಬರ ತಂದೆಯರ ಹೆಸರು, ಕಸುಬು ಇರುತ್ತದೆ. ವಯಸ್ಸಿನ ಜಾಗದಲ್ಲಿ ಬಹಳ ಸಲ ‘ಪ್ರಾಪ್ತ ವಯಸ್ಕ’ ಎಂದಷ್ಟೇ ಬರೆದಿರುತ್ತಾರೆ.

ವಯಸ್ಸನ್ನಂತೂ ನಂಬಲೇಬೇಡಿ. 70 ದಾಟಿದವರಿಗೆ 1909ರಲ್ಲಿ ಪಿಂಚಣಿ ಬಂದಿತು; ಅದನ್ನು ಪಡೆಯಲು ಹಲವರು ವಯಸ್ಸು ಹೆಚ್ಚಿಸಿ ಹೇಳಿದರು. 1901ರ ಗಣತಿಯಲ್ಲಿ 55 ಇದ್ದವರು 1911ರಲ್ಲಿ 70 ಆಗಿರುವುದು ಅಪರೂಪವಲ್ಲ. ಜನನವನ್ನು ಹಿಂದೆ ಮುಂದೆ ಹತ್ತು ವರ್ಷ ಬಿಟ್ಟು ಹುಡುಕಿ. ಜನನದ ತಾರೀಖೂ ಅಷ್ಟೇ: 42 ದಿನದೊಳಗೆ ನೋಂದಾಯಿಸದಿದ್ದರೆ ದಂಡ ಬೀಳುತ್ತಿತ್ತು, ಹಾಗಾಗಿ ತಡವಾದವರು ತಾರೀಖನ್ನೇ ಮುಂದಕ್ಕೆ ಹಾಕಿಸುತ್ತಿದ್ದರು. ಚರ್ಚಿನ ದೀಕ್ಷಾಸ್ನಾನ ‘ಜನನ’ಕ್ಕಿಂತ ಮೊದಲೇ ನಡೆದಂತೆ ಕಂಡರೆ ಗಾಬರಿಯಾಗಬೇಡಿ, ಚರ್ಚಿನ ತಾರೀಖನ್ನೇ ಹಿಡಿಯಿರಿ.

ಹೆಸರು ಸಿಗದಿದ್ದರೆ ಮನೆತನದ ಹೆಸರಿನ ಆರಂಭದಲ್ಲಿರುವ ‘ಓ’, ‘ಮ್ಯಾಕ್’ ತೆಗೆದು ನೋಡಿ. ಬ್ರಿಜೆಟ್ ಎಂಬವಳು ಡೀಲಿಯಾ ಅಥವಾ ಬ್ರೈಡಿ ಎಂಬ ಹೆಸರಲ್ಲೂ ಇರಬಹುದು.

ಒಂದು ಅಂಕ ಕಡಿಮೆ ಕೊಟ್ಟಿದ್ದು ಚರ್ಚ್ ದಾಖಲೆಗಳಿಗಾಗಿ. ಕೆರ್ರಿ, ಡಬ್ಲಿನ್ ನಗರ, ಕಾರ್ಕ್‌ನ ಒಂದು ಭಾಗ, ಕಾರ್ಲೋನ ಸ್ವಲ್ಪ ಬಿಟ್ಟರೆ ಇಲ್ಲಿ ಹೆಚ್ಚೇನೂ ಇಲ್ಲ. ಕ್ಯಾಥೊಲಿಕರ ಮದುವೆ ಮತ್ತು ಎಲ್ಲರ ಜನನ, ಮರಣದ ಸರ್ಕಾರಿ ನೋಂದಣಿ ಶುರುವಾಗಿದ್ದೇ 1864ರಲ್ಲಿ. ಅದಕ್ಕೂ ಹಿಂದಕ್ಕೆ ಹೋಗಬೇಕಾದ ಮೇಯೋ, ಗಾಲ್ವೇ ಕಡೆಯವರು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿರುವ ಪ್ಯಾರಿಷ್ (ಸ್ಥಳೀಯ ಚರ್ಚಿನ ವ್ಯಾಪ್ತಿಯ) ರಿಜಿಸ್ಟರುಗಳನ್ನು ಪುಟ ತಿರುವಿ ಓದಬೇಕು. ಅವೂ ಉಚಿತ, ಆದರೆ ಅಲ್ಲಿ ಹೆಸರಿನ ಸೂಚಿಯಿಲ್ಲ. ಟೌನ್‌ಲ್ಯಾಂಡ್ ಗೊತ್ತಿದ್ದರೆ ಗ್ರಿಫಿತ್ ಭೂಮೌಲ್ಯಮಾಪನದಲ್ಲಿ (ತೆರಿಗೆಗಾಗಿ ಐರ್ಲೆಂಡಿನ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಸಮೀಕ್ಷೆ, 1847–1864) ಜಮೀನಿನ ಅಳತೆಯೂ ನಕ್ಷೆಯೂ ಸಿಗುತ್ತವೆ. ಅದರಲ್ಲಿರುವುದು ಜಮೀನು ಹಿಡಿದವನ ಮತ್ತು ಅದನ್ನು ಗೇಣಿಗೆ ಕೊಟ್ಟವನ ಹೆಸರು ಮಾತ್ರ. ಹೆಂಡತಿ ಮಕ್ಕಳನ್ನು ಅಲ್ಲಿ ಹುಡುಕಬೇಡಿ.